ಆಟಿ ಮಳೆ, ಚಾವಡಿ ಮತ್ತು ಕತ್ತೆ ಆಟ

ಜುಲೈ 31ರ ತನಕ ಮಲ್ಪೆಯ ಯಾಂತ್ರೀಕೃತ ಬೋಟುಗಳಿಗೆ ರಜೆ. ಹಾಗಾಗಿ ಬೋಟಿಗೆ ಹೋಗುವ ನನ್ನ ಗೆಳೆಯ ಆಟಿ (ತುಳುವರ ಮಳೆಗಾಲದ ತಿಂಗಳು) ಶುರುವಾಗುವ ಹೊತ್ತಿಗೆ ಮನೆಯಲ್ಲೇ ಸಿಗುತ್ತಾನೆ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ತಟ್ಟೆ ತುಂಬ ಹಲಸಿನ ಹಪ್ಪಳ. ಅವನ ಮನೆಯ ಚಾವಡಿಯಲ್ಲಿ ಐದು ಜನ ಚಾಪೆ ಹಾಸಿ ಕೂತರೆ ಮತ್ತೆ ಇಸ್ಪೀಟೆಲೆಯ ಕತ್ತೆ ಆಟವೇ. ದುಡ್ಡಿಟ್ಟು ಆಡುವ ಕ್ರಮ ನಮ್ಮಲ್ಲಿಲ್ಲ. ಅವನ ದೊಡ್ಡಮ್ಮನೂ ಬಂದು ಕೂರುತ್ತಾರೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 52 ಎಲೆಗಳನ್ನೂ ಹಂಚಬೇಕು. ಐವರಾದರೆ ಇಬ್ಬರಿಗೆ 11, ಉಳಿದವರಿಗೆ 10. ಎಕ್ಕ ಎಲ್ಲಕ್ಕಿಂತ ದೊಡ್ಡದು. ಇಸ್ಪೀಟ್ ಎಕ್ಕ ಇದ್ದವರು ಅದನ್ನು ಹಾಕಿ ಶುರು ಮಾಡುತ್ತಾರೆ. ಅದೇ ಜಾತಿಯ (ಇಸ್ಪೀಟ್, ಆಟೀನ್, ಕಳಾವರ್, ಡೈಮಂಡ್ ಎಂದು ನಾಲ್ಕು ಜಾತಿ) ಎಲೆಯನ್ನು ಉಳಿದವರೂ ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಆಟದಿಂದ ಹೊರಗೆ, ದೊಡ್ಡದು ಹಾಕಿದವರು ಮುಂದಿನ ಸುತ್ತು ಶುರು ಮಾಡುತ್ತಾರೆ. ಆ ಜಾತಿ ಇಲ್ಲದವರು ಬೇರೆ ಯಾವುದಾದರೂ ಎಲೆ ಹಾಕಿ ಕಟ್ ಮಾಡುತ್ತಾರೆ. ಸುತ್ತು ಅಲ್ಲಿಗೇ ನಿಲ್ಲುತ್ತದೆ. ಆಗ ದೊಡ್ಡ ಎಲೆ ಹಾಕಿದವರು ಕೆಳಗಿರುವುದನ್ನೆಲ್ಲ ಎತ್ತಿಕೊಳ್ಳಬೇಕು, ಮುಂದಿನ ಎಲೆಯನ್ನೂ ಅವರೇ ಹಾಕಬೇಕು. ಮೊದಲ ಸುತ್ತಿನಲ್ಲಿ ಮಾತ್ರ ಎತ್ತುವುದಿಲ್ಲ. ಕೈ ಖಾಲಿಯಾದವರು ಪಾರು. ಕೊನೆಗೆ ಎಲೆ ಉಳಿದವರು ಕತ್ತೆ.

ಎಕ್ಕ, ರಾಜ ಸಿಕ್ಕಿದರೆ ನಾನು ಮೊದಲೆಲ್ಲ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದೆ. ಒಮ್ಮೆ ಆಟೀನ್ ಎರಡು ಸುತ್ತು ಆಯಿತು, ಎರಡೂ ಸಲ ಚಿಕ್ಕದನ್ನೇ ಹಾಕಿದೆ. ಕೈಯಲ್ಲಿ ಮೂರೇ ಎಲೆ ಉಳಿದಿತ್ತು. ಅಷ್ಟರಲ್ಲಿ ಯಾರೋ ಮತ್ತೆ ಆಟೀನ್ ಆರು ಹಾಕಿದರು. ನನ್ನಲ್ಲಿ ಎಕ್ಕ ಮಾತ್ರ. ಹಾಕಿದೆ. ಪಕ್ಕದವನು ಕಳಾವರ್ ರಾಜನನ್ನು ಹಾಕಿ ಕಟ್ ಮಾಡಿದ. ಎಕ್ಕವೂ ವಾಪಸ್, ಜೊತೆಗೆ ಒಂದು ರಾಜ.

ಅವತ್ತು ದೊಡ್ಡಮ್ಮ ಹೇಳಿದರು: “ದೊಡ್ಡ ಎಲೆ ಮೊದಲೇ ಇಳಿಸು ಮಗಾ. ಎಲ್ಲರ ಹತ್ತಿರ ಆಟೀನ್ ಇರುವಾಗ ಎಕ್ಕ ಹಾಕಿದರೆ ಎಂಥ ಆಗ್ತದೆ?”

ಲೆಕ್ಕ ಹಾಕಿದರೆ ಅವರ ಮಾತು ಸರಿಯೇ. ಒಂದು ಜಾತಿಯಲ್ಲಿ 13 ಎಲೆ. ಐವರೂ ಆಟದಲ್ಲಿದ್ದು, ಎರಡು ಸುತ್ತು ಪೂರ್ತಿ ಹೋದರೆ 10 ಮುಗಿಯಿತು. ಉಳಿದ ಮೂರು ಐವರಿಗೆ ಸಾಕಾಗುವುದಿಲ್ಲ, ಅಲ್ವಾ? ಮೂರನೇ ಸುತ್ತಿಗೆ ಕಟ್ ಗ್ಯಾರಂಟಿ. ಅದಕ್ಕೇ ಈಗ ಆಯಾ ಜಾತಿಯ ಮೊದಲ ಸುತ್ತಿನಲ್ಲೇ ಎಕ್ಕ ಹಾಕಿಬಿಡುತ್ತೇನೆ. ಮೂರನೆಯದಕ್ಕೆ ಎರಡು, ಮೂರರಂಥ ಚಿಕ್ಕ ಎಲೆ ಉಳಿಸಿಕೊಳ್ಳುತ್ತೇನೆ. ಆದರೆ ಚಿಕ್ಕ ಎಲೆ ಅಂತ ಸುಮ್ನೆ ಹಾಕುವ ಹಾಗೂ ಇಲ್ಲ. ನನ್ನ ನಂತರ ಕೂತವರಲ್ಲೇ ಆ ಜಾತಿ ಇಲ್ಲದಿದ್ದರೆ ಕೂಡಲೇ ಕಟ್. ಆಗ ನನ್ನ ಎರಡೇ ದೊಡ್ಡದು, ನಾನೇ ಎತ್ತಬೇಕು!

ಇನ್ನೊಂದು ಅಭ್ಯಾಸ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು. ಯಾರು ಏನು ಎತ್ತಿದರು, ಯಾರು ಯಾವುದಕ್ಕೆ ಕಟ್ ಮಾಡಿದರು ಎಂದು ನೆನಪಿಟ್ಟುಕೊಳ್ಳುವುದು. ಪಕ್ಕದವನು ಆಟೀನ್ ಎಕ್ಕ ಎತ್ತಿದ್ದರೆ, ಅವನ ಹತ್ತಿರ ಬೇರೆ ಆಟೀನ್ ಇಲ್ಲದಿದ್ದರೆ, ನನ್ನ ಚಿಕ್ಕ ಆಟೀನಿಗೆ ಅದನ್ನೇ ಹಾಕಬೇಕು. ಅವನ ನಂತರದವರು ಕಟ್ ಮಾಡಿದರೆ ಮತ್ತೆ ಅವನೇ ಎತ್ತುತ್ತಾನೆ. 52 ಎಲೆ ನೆನಪಿಡುವುದು ನನ್ನಿಂದ ಆಗುವುದಿಲ್ಲ. ಎಕ್ಕ, ರಾಜ, ರಾಣಿ ಎಲ್ಲಿವೆ ಎಂದು ಗೊತ್ತಿದ್ದರೆ ಸಾಕು.

ಒಂದು ಕ್ರಮವನ್ನು ಹಂಚುವ ಮೊದಲೇ ಮಾತಾಡಿಕೊಳ್ಳಿ. ಒಬ್ಬರ ಕೈಯ ಕೊನೆಯ ಎಲೆಯೇ ಸುತ್ತಿನಲ್ಲಿ ದೊಡ್ಡದಾದರೆ ಮುಂದೆ ಯಾರು ಹಾಕಬೇಕು? ಒಂದೊಂದು ಕಡೆ ಒಂದೊಂದು ರೀತಿ. ನಮ್ಮಲ್ಲಿ ಸರದಿಯಲ್ಲಿ ನಂತರ ಕೂತವರು ಹಾಕುತ್ತಾರೆ. ಆದರೆ ಸುತ್ತು ಮುಗಿಯುವ ತನಕ ಯಾರೂ ಪಾರಲ್ಲ. ಕಳೆದ ಭಾನುವಾರ ನಾನು ಡೈಮಂಡ್ ಐದು ಹಾಕಿದೆ. ಗೆಳೆಯ ತನ್ನ ಕೊನೆಯ ಎಲೆ ಡೈಮಂಡ್ ರಾಣಿ ಹಾಕಿ, ಚಾ ತರುತ್ತೇನೆ ಎಂದು ಎದ್ದ. ದೊಡ್ಡಮ್ಮ ಕಳಾವರ್ ಎಕ್ಕ ಕೆಳಗಿಟ್ಟರು. ಅವನು ಮೂರೂ ಎಲೆ ಎತ್ತಿಕೊಂಡು ಮತ್ತೆ ಚಾಪೆಯಲ್ಲಿ ಕೂತ.