ಅರ್ಧ ಕಥೆ ಹಿಡಿದುಕೊಂಡು ಶಾಲೆಗೆ ಹೋದೆ

"ಮಕ್ಕಳ ಕೈಗೆ ಫೋನ್ ಬಂದಾಗಿದೆ, ಕನ್ನಡ ಕಾಮಿಕ್ಸ್ ಯಾರ್ರೀ ಓದ್ತಾರೆ?" ಎಂದವರೇ ಈಗ ಫೋನ್ ಮಾಡಿ, ಶಾಲೆಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ. ಲೆಕ್ಕವೆಲ್ಲ ನೆನಪಿನಿಂದ, ಹೆಚ್ಚುಕಮ್ಮಿ ಇರಬಹುದು.

ಮೊದಲು ದುಡ್ಡಿನ ಮಾತು. ಮಕ್ಕಳಿಗಾಗಿ ನಾನು ಮಾಡಿದ ಮೊದಲ ಕನ್ನಡ ಕಾಮಿಕ್ಸ್ ಪುಸ್ತಕ 32 ಪುಟ, ಪೂರ್ತಿ ಕಲರ್, ನುಣುಪಾದ ದಪ್ಪ ಆರ್ಟ್ ಪೇಪರ್ (130 ಜಿಎಸ್‌ಎಂ), ಸಾವಿರ ಪ್ರತಿ. ಪ್ರಿಂಟಿಂಗ್‌ಗೆ 55 ಸಾವಿರದ ಹತ್ತಿರ ಹೋಯಿತು. ಬೆಲೆ 120 ಇಟ್ಟೆ. ಅಂಗಡಿಯವರ ಕಮಿಷನ್ ಕಳೆದರೆ ಕೈಗೆ ಬರುತ್ತಿದ್ದದ್ದು 70 ಚಿಲ್ಲರೆ. ಎರಡು ವರ್ಷಕ್ಕೆ ಮುನ್ನೂರು ಪ್ರತಿ ಹೋಗಿರಬೇಕು, ಉಳಿದವು ಮಂಚದ ಕೆಳಗೆ. ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪ ರಸ್ತೆಯಲ್ಲಿ ಹರವಿಕೊಂಡು ಕೂತೆ. ದೊಡ್ಡವರು ತಿರುವಿ ಹಾಕಿ "ತುಂಬಾ ಚೆನ್ನಾಗಿದೆ, ಇಂಗ್ಲಿಷಲ್ಲಿ ಇಲ್ವಾ?" ಎಂದರು.

ಒಂದಷ್ಟನ್ನು ಸರ್ಕಾರಿ ಶಾಲೆಗಳಿಗೆ ಫ್ರೀ ಕೊಟ್ಟೆ. ಕೆಲವು ತಿಂಗಳು ಬಿಟ್ಟು ಹೋದರೆ ಪುಸ್ತಕಗಳು ಬೀರುವಿನೊಳಗೆ, ಬೀಗದ ಕೈ ಹೆಚ್ಚೆಮ್ ಮೇಡಂ ಹತ್ತಿರ. "ಮಕ್ಕಳು ಹರಿದು ಹಾಕ್ತಾರೆ ಸರ್" ಎಂದರು. ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಭಾಷಣ ಮಾಡಿದ್ದೂ ಆಯಿತು. ಕರೆಂಟ್ ಇದ್ದ ದಿನ ಚಪ್ಪಾಳೆ ಬಿತ್ತು, ಅಷ್ಟೇ.

ಆಮೇಲೆ ನನ್ನ ಕಥೆಗೆ ಕಾಡುಪಾಪ ಬಂತು. ಬೆಂಗಳೂರಿನಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ವಿಜ್ಞಾನ ಸಂಸ್ಥೆ ಐಐಎಸ್ಸಿ ಆವರಣದ ಮರಗಳಲ್ಲಿ ರಾತ್ರಿ ಓಡಾಡುವ ಪುಟ್ಟ ಪ್ರಾಣಿ ಅದು. ಕೋತಿಯ ಹಾಗೆ ಹಾರುವುದಿಲ್ಲ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಮುಂದಿನ ಮರಕ್ಕೆ ದಾಟುತ್ತದೆ. ರಸ್ತೆ ಅಗಲ ಮಾಡಲು ನಡುವಿನ ಮರ ಕಡಿದರೆ ಸಿಕ್ಕಿಹಾಕಿಕೊಂಡ ಹಾಗೇ. ಇಂಥ ಹೀರೋ ಸಿಕ್ಕ ಮೇಲೆ ವಿಲನ್ ಬೇಕಾಗಿಲ್ಲ ಅಲ್ವಾ?

ಕಥೆಯನ್ನು ಮರ ಕಡಿಯುವ ತನಕ ಮಾತ್ರ ಬರೆದೆ. ಒಂದು ಎ4 ಹಾಳೆ, ನಡುವೆ ಒಂದೇ ಕತ್ತರಿ, ಮಡಚಿದರೆ 8 ಪುಟ. ಪಿನ್ ಬೇಡ. ಜೆರಾಕ್ಸಿಗೆ ಒಂದೂವರೆ ರೂಪಾಯಿ. ಆರು ಪುಟ ನನ್ನದು, ಕೊನೆಯ ಎರಡರಲ್ಲಿ ಖಾಲಿ ಪ್ಯಾನೆಲ್, ಅಂದರೆ ಚಿತ್ರದ ಚೌಕ; ಕಥೆಯ ಕೊನೆಯನ್ನು ಮಕ್ಕಳೇ ಬರೆಯಲಿ ಎಂದು. ನಾಲ್ಕು, ಐದನೇ ಕ್ಲಾಸಿನವರಿಗೆ ಮಡಚುವುದನ್ನು ಕಲಿಸಿ, ಮನೆಗೆ ಕೊಟ್ಟು ಎದ್ದು ಬರುತ್ತೇನೆ. ಮೂರು ವಾರ ಬಿಟ್ಟು ಮತ್ತೆ ಹೋಗುತ್ತೇನೆ. ಎಲ್ಲರೂ ತಪ್ಪಿಸುವುದು ಈ ಎರಡನೇ ಭೇಟಿಯನ್ನೇ. ಮೊದಲನೆಯದಕ್ಕೆ ಹಾರ, ಫೋಟೋ ಇರುತ್ತದೆ. ಕೆಲಸ ಆಗುವುದು ಎರಡನೆಯದರಲ್ಲಿ.

ಏನೇನು ಬರೆದಿದ್ದರು ಅಂತೀರಿ! ಅಜ್ಜಿಯ ಸೀರೆ ಕಟ್ಟಿ ದಾಟಿಸಿದವರಿದ್ದರು. ಒಬ್ಬ ಹುಡುಗ ಕೇಬಲ್ ವೈರಿನ ಮೇಲೆ ನಡೆಸಿದ್ದ. ಪಕ್ಕದವಳು ಜಗಳಕ್ಕೇ ನಿಂತಳು: "ಅದು ಕರೆಂಟ್ ವೈರ್ ಆಗಿದ್ರೆ? ಸುಟ್ಟು ಹೋಗತ್ತೆ ಕಣೋ." ಎರಡರ ವ್ಯತ್ಯಾಸ ಗೊತ್ತಾಗಲಿ ಎಂದು ಅವನು ಅಲ್ಲೇ ಇನ್ನೊಂದು ಪ್ಯಾನೆಲ್ ಗೀಚಿದ. ನಾನು ಸುಮ್ನೆ ಕೂತು ನೋಡಿದೆ.

ಪೂರ್ತಿ ಪುಸ್ತಕ ಹೊರತೆಗೆಯುವುದು ಆಗಲೇ. ಈ ಸಲ 16 ಪುಟ, ಕಪ್ಪು ಬಿಳುಪು, ತೆಳು ಮಾಮೂಲಿ ಮ್ಯಾಪ್ಲಿಥೋ ಪೇಪರ್ (70 ಜಿಎಸ್‌ಎಂ), ಕವರ್ ಮಾತ್ರ ಕಲರ್, ಸೆಂಟರ್ ಪಿನ್. ಪೇಪರ್ ಸುಲ್ತಾನ್‌ಪೇಟೆಯಲ್ಲಿ ನಾನೇ ನಿಂತು ತಂದದ್ದು. ಪ್ರತಿಗೆ 16, 17 ರೂಪಾಯಿ ಬಿತ್ತು, ಬೆಲೆ 30. ತಾವು ಒಂದು ಕೊನೆ ಬರೆದ ಮೇಲೆ ನನ್ನದು ಹೇಗಿದೆ ಎಂದು ನೋಡದೆ ಮಕ್ಕಳು ಬಿಡುವುದಿಲ್ಲ. ದುಡ್ಡು ತರಲಾಗದವರಿಗಾಗಿ ಕ್ಲಾಸಿಗೆ ಐದು ಪ್ರತಿ ಇಟ್ಟುಬರುತ್ತೇನೆ, ಬೀರುವಿನಲ್ಲಲ್ಲ, ಕಿಟಕಿಗೆ ಕಟ್ಟಿದ ದಾರದ ಮೇಲೆ. ಸಾವಿರ ಪ್ರತಿ ಒಂದು ವರ್ಷದೊಳಗೆ ಮುಗಿಯಿತು. ಈ ಸಾಲನ್ನು ಇನ್ನೊಮ್ಮೆ ಓದಿದರೂ ನನಗೆ ಬೇಜಾರಿಲ್ಲ.

ಕಥೆಯನ್ನು ಸರಿಯಾಗಿ ಯಾವ ಪ್ಯಾನೆಲ್ಲಿಗೆ ನಿಲ್ಲಿಸಬೇಕು, ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂತವರಿಗೆ ಮೊದಲು ಏನು ಕೇಳಬೇಕು, ಇವೆರಡನ್ನು ಹೇಳುವುದಿಲ್ಲ. ಹೊಟ್ಟೆಪಾಡು ಸ್ವಾಮಿ.

ಅಕ್ಷರದ ವಿಷಯ ಮಾತ್ರ ಧಾರಾಳವಾಗಿ ಹೇಳುತ್ತೇನೆ. ಪಾತ್ರದ ಮಾತು ಬರೆಯುವ ಬಾಲೂನಿನಲ್ಲಿ ಎಂಟು ಪದ ದಾಟಬೇಡಿ. ಸಾಲುಗಳ ನಡುವೆ ಜಾಗ ಕಮ್ಮಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗಿ ಮಗು ಅಲ್ಲೇ ನಿಲ್ಲುತ್ತದೆ. ಫಾಂಟ್ ಬಿಟ್ಟು ಕೈಯಲ್ಲೇ ಬರೆಯತೊಡಗಿದೆ, ಸಲೀಸಾಗಿ ಓದಿದರು.

ನಡುವೆ ಇನ್ನೊಂದು ಆಟ ಆಡಿದೆ. ಬಾಲೂನುಗಳನ್ನು ಖಾಲಿ ಬಿಟ್ಟು, ಮನೆ ಮಾತಿನಲ್ಲಿ ತುಂಬಿ ಎಂದೆ. ತಮಿಳು, ತೆಲುಗು, ಉರ್ದು, ಎಲ್ಲ ಬಂತು, ಕನ್ನಡ ಲಿಪಿಯಲ್ಲೇ. ನನಗೆ ಅರ್ಧ ಅರ್ಥವಾಗಲಿಲ್ಲ. ಮಕ್ಕಳೇ ಒಬ್ಬರಿಗೊಬ್ಬರು ಬಿಡಿಸಿ ಹೇಳಿಕೊಂಡರು. ಇದನ್ನು ಪುಸ್ತಕ ಮಾಡುವ ದಾರಿ ಇನ್ನೂ ಹೊಳೆದಿಲ್ಲ.

ಮುಂದಿನ ಸಲ ಮೂರು ಸಾವಿರ ಹಾಕಿಸಬೇಕೆಂದಿದ್ದೇನೆ. ಪೇಪರ್ ರೇಟ್ ನೋಡಿದರೆ ಬೆಲೆ 35 ಮಾಡಬೇಕಾದೀತು.