ಮರಳಲ್ಲಿ ಟೆಂಟ್ ಗೂಟ ನಿಲ್ಲದಿದ್ದರೆ

ಸಾವನದುರ್ಗದ ಕಡೆ ಮಣ್ಣಲ್ಲಿ ಗಟ್ಟಿಯಾಗಿ ಕೂರುತ್ತಿದ್ದ ಗೂಟಗಳು ಜೈಸಲ್ಮೇರ್ ಹತ್ತಿರದ ಸಮ್ ಮರಳುದಿಬ್ಬದಲ್ಲಿ, ಗಾಳಿ ಬೀಸಿದ ಕೂಡಲೇ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಬಂದವು. ಉದ್ದದ ಗೂಟ ಹೊಡೆದೆ, ಓರೆಯಾಗಿ ಹೊಡೆದೆ. ನೀರೂ ಸುರಿದೆ; ಸುಮ್ನೆ ದಂಡ.

ಕೊನೆಗೆ ಕೆಲಸಕ್ಕೆ ಬಂದದ್ದು ಬೆಂಗಳೂರಿಂದ ಒಯ್ದಿದ್ದ ತರಕಾರಿ ಚೀಲ. ಬಟ್ಟೆಯದೇ ಆಗಬೇಕು, ಪ್ಲಾಸ್ಟಿಕ್ ಕವರ್ ಹರಿಯುತ್ತದೆ. ಮುಕ್ಕಾಲು ಮರಳು ತುಂಬಿ ಬಾಯಿ ಕಟ್ಟಿ. ಚೀಲದ ನಡುವಿಗೆ ಟೆಂಟಿನ ಹಗ್ಗ ಬಿಗಿಯಿರಿ. ಒಂದೂವರೆ ಅಡಿ ಗುಂಡಿ ತೋಡಿ, ಹಗ್ಗಕ್ಕೆ ಅಡ್ಡವಾಗಿ ಮಲಗಿಸಿ. ಗುಂಡಿಯಿಂದ ಟೆಂಟಿನ ಕಡೆಗೆ ಹಗ್ಗ ಹಾಯಲು ಓರೆಯಾಗಿ ಸಣ್ಣ ಕಾಲುವೆ ಬೇಕು. ಇಲ್ಲದಿದ್ದರೆ ಹಗ್ಗ ಚೀಲವನ್ನು ಮೇಲಕ್ಕೆ ಎಳೆಯುತ್ತದೆ. ಮೊದಲ ಚೀಲಕ್ಕೆ ನಾನು ಮಾಡಿದ ತಪ್ಪು ಅದೇ. ಮರಳು ಮುಚ್ಚಿ, ಚೆನ್ನಾಗಿ ತುಳಿದ ಮೇಲೆಯೇ ಹಗ್ಗ ಎಳೆದು ಬಿಗಿ ಮಾಡಿ. ಗಾಳಿ ಬರುವ ಕಡೆಯದು ಮೊದಲು.