ಕೊಠಡಿಗೊಂದು ಹೆಸರು: ಕಾಲೇಜು ಕಟ್ಟಡಕ್ಕೆ ಹಣ ಕೂಡಿಸಿದ ನನ್ನ ಅನುಭವ

ತೀರ್ಥಹಳ್ಳಿ ಸೀಮೆಯಲ್ಲಿರುವ, ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಕಾಲೇಜಿನ ವಿಜ್ಞಾನ ಕಟ್ಟಡಕ್ಕೆ ಸುಮಾರು 1 ಕೋಟಿ 10 ಲಕ್ಷ ರೂಪಾಯಿ ಕೂಡಿಸುವ ಹೊಣೆ ಕಟ್ಟಡ ಸಮಿತಿಯ ಕಾರ್ಯದರ್ಶಿಯಾದ ನನ್ನ ಮೇಲಿತ್ತು. ಕೊಠಡಿಗೊಬ್ಬ ದಾನಿಯನ್ನು ಹುಡುಕುತ್ತೇನೆ ಎಂದಾಗ ಆಡಳಿತ ಮಂಡಳಿಯಲ್ಲಿ ಒಬ್ಬರೂ ನಂಬಲಿಲ್ಲ.

ಒಂದು ಕಂಪನಿಯನ್ನೇ ಹಿಡಿಯಿರಿ ಎಂಬ ಅವರ ಮಾತಿನಂತೆ ಮೊದಲ ಎರಡು ವರ್ಷ ಒಂದು ಕಂಪನಿಯ ಬಾಗಿಲಿಗೆ ಅಲೆದೆ. ಇಡೀ ಕಟ್ಟಡಕ್ಕೆ ತನ್ನ ಹೆಸರಿಟ್ಟರೆ 60 ಲಕ್ಷ ಕೊಡುವುದಾಗಿ ಅದು ಒಪ್ಪಿತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಸಿಎಸ್‌ಆರ್ (ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ) ಹಣವೆಂದರೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2, ಲಾಭ ಇಳಿದರೆ ಅದೂ ಇಳಿಯುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. 15 ಲಕ್ಷದ ಮೊದಲ ಕಂತು ಬಂತು, ಅಧಿಕಾರಿ ಬದಲಾದರು, ಉಳಿದದ್ದು ಬರಲೇ ಇಲ್ಲ. ಬೋರ್ಡು ಮಾತ್ರ ಮೊದಲ ಕಂತಿನ ದಿನವೇ ಏರಿತ್ತು. ಅದನ್ನು ಇಳಿಸುವ ಅಧಿಕಾರ ಒಡಂಬಡಿಕೆಯಲ್ಲಿ ನಮಗಿರಲಿಲ್ಲ. ಕೆಲಸ ನಿಂತು, ಎರಡು ಮಳೆಗಾಲ ನೆನೆದು ತುಕ್ಕು ಹಿಡಿದ ಕಟ್ಟಡದ ಕಂಬಿಗಳನ್ನು ಉಜ್ಜಿಸುವುದಕ್ಕೇ ಸುಮಾರು 70 ಸಾವಿರ ಹೋಯಿತು. ಆ ಹೆಸರನ್ನು ಒಂದು ಪ್ರಯೋಗಾಲಯಕ್ಕೆ ಸೀಮಿತಗೊಳಿಸಲು ಅವರನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ನನ್ನ ದಾರಿ ಹಿಡಿದೆ. ತರಗತಿ ಕೊಠಡಿಗೆ 5 ಲಕ್ಷ, ಪ್ರಯೋಗಾಲಯಕ್ಕೆ 12 ಲಕ್ಷ, ಮೂರು ಕಂತು, ಹೆಸರಿಗೆ 30 ವರ್ಷದ ಅವಧಿ. ಅಡಿಕೆ ಬೆಳೆಗಾರರ ಮುಂದೆ ಮೊದಲು 80ಜಿ ರಸೀದಿಯ (ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ರಸೀದಿ) ಮಾತೆತ್ತಿದ್ದು ತಪ್ಪಾಯಿತು. ಅಡಿಕೆಯ ಆದಾಯಕ್ಕೆ ತೆರಿಗೆಯೇ ಇಲ್ಲದಿರುವಾಗ ವಿನಾಯಿತಿ ಯಾರಿಗೆ ಬೇಕು? ಕೋಣಂದೂರು ಕಡೆಯ ಒಬ್ಬ ಹಿರಿಯರು ಜಗಲಿಯಲ್ಲಿ ಕವಳ ಹಾಕುತ್ತ, “ನಮ್ಮಮ್ಮ ಶಾಲೆ ಮೆಟ್ಟಿಲೇ ಹತ್ತಿದವಳಲ್ಲ ಮಾರಾಯ್ರೆ, ಅವಳ ಹೆಸರು ಒಂದು ಬಾಗಿಲ ಮೇಲಿರಲಿ” ಎಂದ ಮೇಲೆ ನಾನು ರಸೀದಿಯ ಮಾತು ಬಿಟ್ಟು ತಾಯಂದಿರ ಹೆಸರು ಕೇಳತೊಡಗಿದೆ. ಕೊನೆಕೊಯ್ಲು (ಅಡಿಕೆ ಗೊನೆಗಳ ಕೊಯ್ಲು) ಮುಗಿದು ಅಡಿಕೆ ಮಂಡಿಗೆ ಹೋದ ಮೇಲಷ್ಟೇ ಹೋಗುತ್ತಿದ್ದೆ. ತೋಟಕ್ಕೆ ಕೊಳೆ ರೋಗ ಬಿದ್ದ ವರ್ಷ ಹೋಗಲೇ ಇಲ್ಲ. 12 ತರಗತಿ ಕೊಠಡಿಗಳಿಗೂ ಉಳಿದ 3 ಪ್ರಯೋಗಾಲಯಗಳಿಗೂ ಹೆಸರು ಸಿಕ್ಕಿದವು. ಅವುಗಳಲ್ಲಿ ಒಂಬತ್ತು ತಾಯಂದಿರವು.

ಫಲಕಗಳಲ್ಲೂ ಪ್ರಯೋಗ ನಡೆಯಿತು. ತಗಡಿನ ಬೋರ್ಡು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು, ಕರಿ ಗ್ರಾನೈಟಿನ ಚಿನ್ನದ ಬಣ್ಣ ಎರಡನೆಯದಕ್ಕೆ ಎದ್ದುಹೋಯಿತು. ಈಗ ಅಕ್ಷರಗಳನ್ನು ಆಳವಾಗಿ ಕೆತ್ತಿಸಿ ಬಣ್ಣವಿಲ್ಲದೆ ಬಿಡುತ್ತೇವೆ. ಪಾಚಿ ಕಟ್ಟಿದರೂ ತೆಂಗಿನ ನಾರಿನಲ್ಲಿ ಉಜ್ಜಿದರೆ ಹೆಸರು ಕಾಣುತ್ತದೆ. ಕೊನೆಯ ಕಂತು ಬರುವವರೆಗೆ ಕಲ್ಲು ಗೋಡೆಗೇರುವುದಿಲ್ಲ. ಒಂದು ಕೊಠಡಿಯದು ಇನ್ನೂ ಬಾಕಿಯಿದ್ದು, ಅದರ ಕಲ್ಲು ನನ್ನ ಮೇಜಿನ ಪಕ್ಕದಲ್ಲೇ ಗೋಡೆಗೆ ಒರಗಿದೆ.